ಆಫೀಸಿನ ಗದ್ದಲಕ್ಕೆ ಅತ್ತೆಯ ಕೌದಿ

"ಮೇಡಮ್, ಬಾವ್ಯಾಗ ಕುಂತು ಮಾತಾಡ್ಲತ್ತೀರೇನ್ರಿ?"

ಫೋನಿನ ಆ ಕಡೆಯಿಂದ ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತ್ ವ್ಯಾಪಾರಿಯೊಬ್ಬರು, ಅಂದರೆ ಕಮಿಷನ್ ದಲ್ಲಾಳಿಯೊಬ್ಬರು, ಹೀಗೆ ಕೇಳಿದಾಗ ಮೊದಲು ನಗು ಬಂತು. ದಿನಕ್ಕೆ ನಾಲ್ಕು ಜನ ಅದನ್ನೇ ಕೇಳತೊಡಗಿದ ಮೇಲೆ ನಗು ಹೋಯಿತು.

ನನ್ನದು ಕಲಬುರಗಿಯ ನೆಹರು ಗಂಜ್ ಹತ್ತಿರ ಮೊದಲ ಮಹಡಿಯಲ್ಲಿರುವ ಸಣ್ಣ ಆಫೀಸು. ಅಡತ್ ಅಂಗಡಿ, ದಾಲ್ ಮಿಲ್‌ಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವುದು ಕೆಲಸ. ನನ್ನನ್ನೂ ಸೇರಿಸಿ ಆರು ಜನ. ಹಾಲ್ 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. ಕೆಳಗೆ ಶಹಾಬಾದ್ ಫರ್ಸಿ ಕಲ್ಲು, ಮೇಲೆ ಆರ್‌ಸಿಸಿ ಸ್ಲ್ಯಾಬ್, ಸುತ್ತ ಪೇಂಟ್ ಹೊಡೆದ ಬೋಳು ಗೋಡೆ. ರಸ್ತೆ ಕಡೆ ಎರಡು ಕಿಟಕಿ. ಕೆಳಗೆ ತೊಗರಿ ಚೀಲ ಇಳಿಸುವ ಲಾರಿಗಳು, ಟಂಟಂ ಆಟೋಗಳು, ಹಮಾಲರ ಕೂಗು.

ಸದ್ದಿನ ಬಗ್ಗೆ ತಲೆ ಕೆಡಿಸಿಕೊಳ್ಳಲು ನಿಜವಾದ ಕಾರಣ ಬೇರೆಯೇ ಇದೆ. ಒಂದು ಮೇ ತಿಂಗಳ ಮಧ್ಯಾಹ್ನ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಕೂಲರ್ ಫುಲ್ ಸ್ಪೀಡಿನಲ್ಲಿ ಭರ್ರೋ ಅನ್ನುತ್ತಿದೆ. ನಮ್ಮ ಹುಡುಗನೊಬ್ಬ ಫೋನಿನಲ್ಲಿ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದ. ಫಕ್ಕನೆ ಕರೆಂಟ್ ಹೋಯಿತು. ಕೂಲರ್ ನಿಂತಿತು. ಅವನ ಮಾತು ಮಾತ್ರ ನಿಲ್ಲಲಿಲ್ಲ. "ನಿಮ್ದು ಮೂರು ತಿಂಗಳ ರಿಟರ್ನ್ ಬಾಕಿ ಅದ್ರಿ! ಲೇಟ್ ಫೀ ಬಿದ್ದದ್ರಿ!" ಅನ್ನುವುದು ಇಡೀ ಹಾಲಿಗೆ ಕೇಳಿತು. ಎದುರಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದವರು ಯಾರು ಗೊತ್ತಾ? ಫೋನಿನಲ್ಲಿದ್ದ ವ್ಯಾಪಾರಿಯ ಪಕ್ಕದ ಅಂಗಡಿಯವರು. ಅವರು ಏನೂ ಅನ್ನಲಿಲ್ಲ, ಚಹಾ ಮುಗಿಸಿ ಎದ್ದು ಹೋದರು. ಮುಂದಿನ ತಿಂಗಳು ಫೋನಿನ ವ್ಯಾಪಾರಿ ತಮ್ಮ ಫೈಲುಗಳನ್ನೆಲ್ಲ ಕಟ್ಟಿಕೊಂಡು ಬೇರೆ ಕಡೆ ಹೋದರು.

ಆಮೇಲೆ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಆನ್‌ಲೈನ್‌ನಲ್ಲಿ ಒಂದು ಇಂಚು ದಪ್ಪದ, ಮುಳ್ಳು ಮುಳ್ಳಿನಂಥ ಕಪ್ಪು ಫೋಮ್ ತುಂಡು ಎರಡು ಡಜನ್ ತರಿಸಿ, ರಸ್ತೆ ಕಡೆಯ ಗೋಡೆಗೆ ಅಂಟಿಸಿದೆ. ಲಾರಿ ಹಾರ್ನ್ ಮೊದಲು ಎಷ್ಟು ಕೇಳುತ್ತಿತ್ತೋ ಅಷ್ಟೇ ಕೇಳುತ್ತಿತ್ತು. ಬಿಸಿಲಿಗೆ ಅಂಟು ಬಿಟ್ಟು ಒಂದೊಂದೇ ತುಂಡು ಟಪ್ ಟಪ್ ಅಂತ ಉದುರಿದವು. ತಪ್ಪು ಫೋಮಿನದಲ್ಲ, ನನ್ನದು. ಕಾಲು ನೋವಿಗೆ ಕಣ್ಣಿನ ಹನಿ ಹಾಕಿದ ಹಾಗಾಗಿತ್ತು.

ಇದೊಂದನ್ನು ಮೊದಲು ತಲೆಯಲ್ಲಿ ಹಾಕಿಕೊಳ್ಳಿ, ದುಡ್ಡು ಉಳಿಯುತ್ತದೆ. ಹೊರಗಿನ ಸದ್ದು ಒಳಗೆ ಬರುವುದು ಒಂದು ರೋಗ. ಒಳಗಿನ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗುಂಯ್ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದದ್ದು ತೂಕ ಮತ್ತು ಸಂದಿಲ್ಲದ ಮುಚ್ಚಿಗೆ: ಇಟ್ಟಿಗೆ, ದಪ್ಪ ಗಾಜು, ರಬ್ಬರು. ಎರಡನೆಯದಕ್ಕೆ ಬೇಕಾದದ್ದು ಗಾಳಿ ಆಡುವ ಮೆತ್ತನೆಯ ವಸ್ತು: ಬಟ್ಟೆ, ಉಣ್ಣೆ, ಹತ್ತಿ. ಗಾಳಿ ಆಡುವ ಫೋಮಿನೊಳಗಿಂದ ಹಾರ್ನ್ ಕೂಡ ಆರಾಮಾಗಿ ಬರುತ್ತದೆ.

ಮೊದಲು ಕಿವಿಗೆ ಕೆಲಸ ಕೊಡಿ

ಬೆಳಿಗ್ಗೆ ಯಾರೂ ಬರುವ ಮೊದಲು ಹಾಲಿನ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆ ಮುಗಿದ ಮೇಲೂ ಟರ್ರ್ ಅಂತ ಬಾಲ ಉಳಿದರೆ ನಿಮಗೆ ಎರಡನೇ ರೋಗ ಇದೆ. ವಿಜಯಪುರದ ಗೋಲಗುಮ್ಮಟದಲ್ಲಿ ಈ ಬಾಲ ಕೇಳಲು ಟಿಕೆಟ್ ತೆಗೆದುಕೊಂಡು ಹೋಗುತ್ತೇವೆ. ಆಫೀಸಿನಲ್ಲಿ ಅದು ಬೇಡ. ಮುಂದಿನ ಅಕ್ಷರ ಬರುವ ಹೊತ್ತಿಗೆ ಹಿಂದಿನ ಅಕ್ಷರದ ಬಾಲ ಅದರ ಮೇಲೆ ಬಿದ್ದು 'ಹದಿಮೂರು' 'ಹದಿನಾರು' ಎರಡೂ ಒಂದೇ ಥರ ಕೇಳುತ್ತವೆ. ಲೆಕ್ಕದ ಆಫೀಸಿನಲ್ಲಿ ಇದು ಚಿಕ್ಕ ವಿಷಯ ಅಲ್ಲ.

ಆಮೇಲೆ ಫ್ಯಾನು, ಕೂಲರ್ ಎಲ್ಲ ಬಂದ್ ಮಾಡಿ ಸುಮ್ನೆ ಹತ್ತು ನಿಮಿಷ ಕೂತು, ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಿ. ಮೊಬೈಲಿನಲ್ಲಿ ಸದ್ದನ್ನು ಡೆಸಿಬಲ್ ಎಂಬ ಮಾನದಲ್ಲಿ ಅಳೆಯುವ ಆ್ಯಪ್ ಸಿಗುತ್ತದೆ. ಅದು ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಅದೇ ಫೋನು, ಅದೇ ಜಾಗ ಇಟ್ಟುಕೊಂಡರೆ ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು ಅನ್ನುವ ಹೋಲಿಕೆಗೆ ಸಾಕು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವ್ಯಾಪಾರದ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ. ನಮ್ಮ ಕಿಟಕಿಯಲ್ಲಿ ಫೋನ್ ಇಟ್ಟರೆ ಸೀಸನ್‌ನಲ್ಲಿ ಅಂಕಿ ಅದರ ಕೆಳಗೆ ಇಳಿಯುವುದೇ ಅಪರೂಪ. ಲಾರಿಯವರ ಜೊತೆ ಜಗಳ ಆಡಲು ಆಗುತ್ತದೆಯೇ? ಅವರ ಚೀಲದಿಂದಲೇ ಅಲ್ವಾ ನಮ್ಮ ಊಟ.

ಕೂಲರ್ ಎಂಬ ರಾಕ್ಷಸ

ಪಟ್ಟಿ ನೋಡಿದಾಗ ಗೊತ್ತಾಯಿತು. ರಸ್ತೆಗಿಂತ ಜಾಸ್ತಿ ಗದ್ದಲ ನಮ್ಮದೇ ಸಾಮಾನಿನದು. ಅದರಲ್ಲೂ ಕೂಲರಿನದು. ಅದು ಸದ್ದು ಮಾಡುತ್ತದೆ, ಅದನ್ನು ಮೀರಿಸಲು ನಾವು ದನಿ ಏರಿಸುತ್ತೇವೆ, ನಮ್ಮ ದನಿ ಮೀರಿಸಲು ಪಕ್ಕದ ಟೇಬಲಿನವರು ಇನ್ನೂ ಏರಿಸುತ್ತಾರೆ. ಗದ್ದಲದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುವುದನ್ನು 1911ರಲ್ಲೇ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು ಗುರುತಿಸಿದ್ದರು. ನಮ್ಮ ಹುಡುಗನನ್ನು ಅವತ್ತು ಬೈದಿದ್ದೆ. ಕಿರುಚಿದ್ದು ಅವನು, ಕಿರುಚಿಸಿದ್ದು ಕೂಲರ್.

ಕೂಲರನ್ನು ಕಿಟಕಿಯ ಸರಳಿಗೆ ತಂತಿಯಿಂದ ಕಟ್ಟಿದ್ದೆವು. ಅದು ನಡುಗಿದರೆ ಸರಳು ನಡುಗುತ್ತಿತ್ತು, ಸರಳು ನಡುಗಿದರೆ ಗೋಡೆ ಗುಡುಗುತ್ತಿತ್ತು. ಈಗ ಹಿಂದಿನ ಬಾಲ್ಕನಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂತಿದೆ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ದಪ್ಪ ರಬ್ಬರ್ ತುಂಡು. ಕೂಲರಿಗೂ ಕಿಟಕಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಅದನ್ನು ತಾಡಪತ್ರಿ ಬಟ್ಟೆಯಿಂದ ಸುತ್ತಿದ್ದೇವೆ. ಗಾಳಿ ಒಳಗೆ ಬರುತ್ತದೆ, ನಡುಕ ಬರುವುದಿಲ್ಲ. ನೀರಿನ ಪಂಪಿನ ಕೆಳಗೆ ಸ್ಪಂಜಿನ ತುಂಡು ಇಟ್ಟೆವು. ಧೂಳು ಕಟ್ಟಿದ ಹುಲ್ಲಿನ ಪ್ಯಾಡ್ ಬದಲಿಸಿದ ಮೇಲೆ ಮಧ್ಯದ ಸ್ಪೀಡೇ ಸಾಕಾಗುತ್ತಿದೆ.

ಒಂದು ತೊಡಕು ಉಳಿಯಿತು. ಕೂಲರ್ ಕೆಲಸ ಮಾಡಬೇಕಾದರೆ ಒಳಗೆ ಬಂದ ಗಾಳಿ ಹೊರಗೆ ಹೋಗಬೇಕು. ಕಿಟಕಿ ಪೂರ್ತಿ ಮುಚ್ಚಿದರೆ ಒಳಗೆ ಒದ್ದೆ ಸೆಕೆ. ತೆರೆದರೆ ರಸ್ತೆ ಒಳಗೆ. ಇದಕ್ಕೆ ನಮ್ಮ ಬಡಿಗೇರ ಕಾಕಾ ವೆಂಟಿಲೇಟರಿಗೆ ಪ್ಲೈವುಡ್ಡಿನ ಡಬ್ಬಿ ಮಾಡಿಕೊಟ್ಟರು. ಒಂದೂವರೆ ಅಡಿ ಆಳ. ಒಳಗೆ ಎರಡು ಅಡ್ಡ ಹಲಗೆ, ಒಂದು ಮೇಲಿಂದ, ಒಂದು ಕೆಳಗಿಂದ. ಗಾಳಿ ಹಾವಿನ ಹಾಗೆ ತಿರುಗಿ ಹೋಗುತ್ತದೆ. ಡಬ್ಬಿಯ ಒಳಗೋಡೆಗೆಲ್ಲ ಹಳೇ ಕುರಿ ಕಂಬಳಿ ಹೊಡೆದಿದ್ದೇವೆ. ಗಾಳಿಗೆ ತಿರುವು ಕಷ್ಟ ಅಲ್ಲ. ಸದ್ದು ಮಾತ್ರ ಪ್ರತಿ ತಿರುವಿನಲ್ಲೂ ಕಂಬಳಿಗೆ ಬಡಿದು ಸಾಯುತ್ತದೆ. ದಾರಿಯ ಅಗಲ ಮಾತ್ರ ವೆಂಟಿಲೇಟರಿಗಿಂತ ಕಡಿಮೆ ಆಗಬಾರದು, ಕಡಿಮೆಯಾದರೆ ಕೂಲರ್ ಉಸಿರು ಕಟ್ಟುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕರೆಂಟ್ ಹೋದಾಗ ಫ್ಯಾನು ಗುಂಯ್ ಅಂದರೆ ತಪ್ಪು ಫ್ಯಾನಿನದಲ್ಲ. ಸ್ಕ್ವೇರ್ ವೇವ್, ಅಂದರೆ ಕರೆಂಟನ್ನು ಜರ್ಕು ಜರ್ಕಾಗಿ ಕೊಡುವ ಇನ್ವರ್ಟರ್ ಇದ್ದರೆ ಹಾಗೇ. ಮುಂದಿನ ಸಲ ಸೈನ್ ವೇವ್ ತೆಗೆದುಕೊಳ್ಳಿ. ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಕಬ್ಬಿಣದ ಟೇಬಲಿನಿಂದ ಇಳಿಸಿ ದಪ್ಪ ರಬ್ಬರ್ ಮ್ಯಾಟ್ ಮೇಲಿಡಿ. ಕುರ್ಚಿ ಎಳೆದಾಗ ಫರ್ಸಿ ಕಿರ್ರ್ ಅನ್ನುವುದಕ್ಕೆ ಸೈಕಲ್ ಅಂಗಡಿಯ ಹಳೇ ಟ್ಯೂಬು ಕತ್ತರಿಸಿ ಕಾಲುಗಳಿಗೆ ಹಾಕಿ. ನಮ್ಮಲ್ಲಿ ಹದಿನಾಲ್ಕು ಕುರ್ಚಿಗೂ ಹಾಕಿದ್ದೇವೆ. ಅಂಗಡಿಯವನು ದುಡ್ಡು ಬೇಡ ಅಂದ.

ಬೆಳಕು ಬಂದಲ್ಲಿ ಸದ್ದೂ ಬರುತ್ತದೆ

ಈಗ ಹೊರಗಿನ ಸದ್ದು. ರಾತ್ರಿ ಒಳಗೆ ಲೈಟ್ ಆರಿಸಿ, ಹೊರಗಿನಿಂದ ಯಾರಾದರೂ ಬಾಗಿಲು ಕಿಟಕಿಯ ಸುತ್ತ ಟಾರ್ಚ್ ಬಿಡಲಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಚಾಕ್‌ಪೀಸಿನಿಂದ ಗುರುತು ಹಾಕಿ. ಮೂರು ಅಡಿ ಅಗಲದ ಬಾಗಿಲ ಕೆಳಗೆ ಅರ್ಧ ಇಂಚು ಸಂದು ಇದ್ದರೆ ಅದು 18 ಚದರ ಇಂಚು. ಅಂದರೆ ಬಾಗಿಲಿನ ನಡುವೆ ಒಂದು ಮೊಬೈಲ್ ಫೋನಿನಷ್ಟು ತೂತು ಕೊರೆದ ಹಾಗೆ. ನೂರು ಚದರ ಅಡಿ ಗೋಡೆಯಲ್ಲಿ ಒಂದು ಚದರ ಅಡಿ ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಅಡಿಯನ್ನು ಕೋಟೆ ಗೋಡೆಯಷ್ಟು ದಪ್ಪ ಕಟ್ಟಿದರೂ ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಅದಕ್ಕೇ ಗೋಡೆಗೆ ದುಡ್ಡು ಹಾಕುವ ಮೊದಲು ಸಂದುಗಳಿಗೆ ಹಾಕಿ.

ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಚೌಕಟ್ಟಿಗೆ ಅಂಟಿಸುವ ಫೋಮ್ ಪಟ್ಟಿ, ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಸವೆದ ಬ್ರಷ್ ಬದಲಾವಣೆ, ವೈರು ಒಳಗೆ ಬಂದ ತೂತುಗಳಿಗೆ ಸಿಲಿಕಾನ್. ಇಷ್ಟಕ್ಕೆ ಸಾವಿರದ ಒಳಗೇ ಮುಗಿಯಿತು. ಹಾರ್ನಿನ ಚೂಪು ಇಲ್ಲಿಗೇ ಹೋಯಿತು. ಲಾರಿ ಎಂಜಿನ್ನಿನ ದಡದಡ ಉಳಿಯಿತು. ಅದಕ್ಕೆ ನನ್ನ ಟೇಬಲ್ ಹಿಂದಿನ ಕಿಟಕಿಗೆ ಮಾತ್ರ ಒಳಗಡೆಯಿಂದ ಇನ್ನೊಂದು ಗಾಜಿನ ಕದ ಹಾಕಿಸಿದೆ. ಹಳೇ ಗಾಜಿಗೂ ಹೊಸದಕ್ಕೂ ನಡುವೆ ನಾಲ್ಕು ಇಂಚು. ಹಳೆಯದು 4 ಮಿಲಿಮೀಟರ್, ಹೊಸದು 6. ಎರಡೂ ಒಂದೇ ದಪ್ಪ ಇದ್ದರೆ ಒಂದೇ ಸ್ವರಕ್ಕೆ ಎರಡೂ ನಡುಗಿ ಅದನ್ನು ಒಳಗೆ ಬಿಡುತ್ತವೆ. ನನ್ನ ಖರ್ಚಿನ ದೊಡ್ಡ ಪಾಲು ಇದೇ. ರಸ್ತೆ ಕಡೆ ನೀವು ಕೂರದೆ ಫೈಲಿನ ಕಪಾಟು ಇಡಲು ಆಗುವುದಾದರೆ ಇದು ಬೇಕಾಗುವುದೇ ಇಲ್ಲ.

ಕೌದಿ

ಬಾವಿಯ ದನಿಗೆ ಮದ್ದು ಸಿಕ್ಕಿದ್ದು ಮನೆಯ ಅಟ್ಟದಲ್ಲಿ. ನಮ್ಮ ಅತ್ತೆಯವರ ಹತ್ತಿರ ಹೊಲಿದಿಟ್ಟ ಕೌದಿಗಳ ದೊಡ್ಡ ಗಂಟೇ ಇತ್ತು. ಹಳೇ ಸೀರೆ, ಧೋತರ, ಹರಿದ ಅಂಗಿ ಪದರ ಪದರವಾಗಿ ಇಟ್ಟು, ಸಾಲು ಸಾಲು ಹೊಲಿಗೆ. ಒಂದನ್ನು ಎತ್ತಿದರೇ ಕೈ ಸೋಲುತ್ತದೆ.

ಇಂಥ ವಸ್ತು ಸದ್ದು ಹೇಗೆ ಹೀರುತ್ತದೆ? ಸದ್ದು ಅಂದರೆ ಗಾಳಿಯ ಅಲುಗಾಟ. ಆ ಗಾಳಿ ನೂಲಿನ ಸಂದಿಯಲ್ಲಿ ನುಗ್ಗಿ, ಉಜ್ಜಿ, ದಣಿದು ಇಷ್ಟೇ ಇಷ್ಟು ಬಿಸಿಯಾಗಿ ಮುಗಿಯುತ್ತದೆ. ಹಾಗಾಗಿ ಗಾಳಿ ಆಡದ ವಸ್ತು ಪ್ರಯೋಜನವಿಲ್ಲ. ಥರ್ಮೋಕೋಲ್ ಬೇಡ. ರೆಕ್ಸಿನ್ ಹೊದಿಸಿದ ಪ್ಯಾನೆಲ್ ನೋಡಲು ಚೆಂದ, ಅಷ್ಟೇ. ಮೊಟ್ಟೆ ಟ್ರೇ ಅಂಟಿಸಿ ಅಂತ ನನ್ನ ಅಳಿಯ ಹೇಳಿದ್ದ. ಅದು ಧೂಳು ಹಿಡಿಯುತ್ತದೆ, ಸದ್ದು ಹಿಡಿಯುವುದು ಕಡಿಮೆ. ಪರೀಕ್ಷೆ ಸುಲಭ: ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಆ ಕಡೆ ಅಂಗೈಗೆ ಉಸಿರು ತಾಗಿದರೆ ಪಾಸ್. ಅಟ್ಟದಿಂದ ಇಳಿಸಿದ ಎಂಟು ಕೌದಿಗಳಲ್ಲಿ ಮೂರು ನೈಲಾನ್ ಸೀರೆಯವು. ಕೆನ್ನೆ ಉಬ್ಬಿದರೂ ಉಸಿರು ದಾಟಲಿಲ್ಲ. ಐದು ಹಳೇ ಇಳಕಲ್ ಮತ್ತು ಹತ್ತಿ ಸೀರೆಯವು. ಅವು ಪಾಸಾದವು.

ಎಷ್ಟು ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಲೆಕ್ಕದವಳಾದ ನನಗೆ ಇದು ಬಹಳ ಹಿಡಿಸಿತು. ಅಮೆರಿಕದ ಹಾರ್ವರ್ಡ್‌ನಲ್ಲಿ ಸಬೀನ್ ಎಂಬ ಮೇಷ್ಟ್ರಿಗೆ 1895ರಲ್ಲಿ ಒಂದು ಉಪನ್ಯಾಸದ ಹಾಲ್ ಸರಿಮಾಡುವ ಕೆಲಸ ಬಂತು. ಅಲ್ಲಿ ಮೇಷ್ಟ್ರು ಹೇಳಿದ್ದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಸಬೀನ್ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯಿಂದ ಸೀಟಿನ ಗಾದಿಗಳನ್ನು ಹೊತ್ತು ತಂದು, ಸೀಟಿಯಂಥ ಆರ್ಗನ್ ಕೊಳವೆ ಊದಿ, ಗಡಿಯಾರ ಹಿಡಿದು, ಎಷ್ಟು ಗಾದಿಗೆ ಸದ್ದು ಎಷ್ಟು ಬೇಗ ಸಾಯುತ್ತದೆ ಅಂತ ಬರೆದುಕೊಂಡರು. ಅದರಿಂದ ಸೂತ್ರ ಹುಟ್ಟಿತು. ಅಡಿ ಲೆಕ್ಕದಲ್ಲಿ ಹೀಗೆ: ಕೋಣೆಯ ಘನ ಅಡಿಯನ್ನು 0.049ರಿಂದ ಗುಣಿಸಿ, ಕೋಣೆಯಲ್ಲಿ ಒಟ್ಟು ಹೀರುವ ಚದರ ಅಡಿಯಿಂದ ಭಾಗಿಸಿ. ಸದ್ದಿನ ಬಾಲ ಎಷ್ಟು ಸೆಕೆಂಡು ಅಂತ ಬರುತ್ತದೆ.

ನಮ್ಮ ಹಾಲ್ 3000 ಘನ ಅಡಿ. ಗುಣಿಸಿದರೆ 147. ನೆಲ, ಗೋಡೆ, ಸ್ಲ್ಯಾಬ್ ಸೇರಿ 1300 ಚದರ ಅಡಿ. ಕಲ್ಲು, ಸಿಮೆಂಟು ಹೀರುವುದು ನೂರಕ್ಕೆ ಎರಡು ಮೂರರಷ್ಟು ಮಾತ್ರ, ಅಂದರೆ 39 ಅಡಿ ಅಂದುಕೊಳ್ಳಿ. ಒಬ್ಬ ಮನುಷ್ಯ ಸುಮಾರು 5 ಅಡಿಯಷ್ಟು ಹೀರುತ್ತಾನೆ, ಆರು ಜನಕ್ಕೆ 30. ಒಟ್ಟು 69. 147 ಭಾಗಿಸು 69, ಎರಡು ಸೆಕೆಂಡಿಗೆ ಮೇಲಾಯಿತು. ಬಾವಿ ಅಂದಿದ್ದು ಸುಳ್ಳಲ್ಲ. ಆರು ಅಡಿ ನಾಲ್ಕು ಅಡಿಯ ಐದು ಹೀರುವ ಹಾಸು ಸೇರಿಸಿದರೆ ಇನ್ನೂ 95ರಷ್ಟು ಬರುತ್ತದೆ. ಆಗ ಬಾಲ ಒಂದು ಸೆಕೆಂಡಿಗಿಂತ ಕೆಳಗೆ. ಮಾತಿಗೆ ಅಷ್ಟು ಸಾಕು.

ಬರೀ ಕೌದಿಯನ್ನು ಗೋಡೆಗೆ ಒತ್ತಿ ಹೊಡೆದರೆ ಇಷ್ಟು ಸಿಗುವುದಿಲ್ಲ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಹೆಚ್ಚು ಅಲುಗುವುದಿಲ್ಲ, ಅಲುಗದ ಗಾಳಿಯನ್ನು ಬಟ್ಟೆ ಹಿಡಿಯುವುದು ಹೇಗೆ? ತೆಳ್ಳಗಿದ್ದರೆ ಚೀರುವ ದನಿ ಮಾತ್ರ ಹೀರುತ್ತದೆ, ಗಂಡಸರ ಮಂದ್ರ ದನಿ ಹಾಗೇ ಉಳಿಯುತ್ತದೆ. ಅದಕ್ಕೆ ಎರಡು ಇಂಚಿನ ರೀಪರ್ ಪಟ್ಟಿಯ ಚೌಕಟ್ಟು ಮಾಡಿಸಿ, ಒಳಗೆ ಎರಡು ಇಂಚಿನ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಹಲಗೆ ತುಂಬಿ, ಮಾಂಜರಪಾಟ್ ಬಟ್ಟೆಯಲ್ಲಿ ಸುತ್ತಿದೆವು. ಹಿಂದೆ ಎರಡು ಇಂಚು ಗಾಳಿ ಬಿಟ್ಟು ಗೋಡೆಗೆ ಸಿಕ್ಕಿಸಿದೆವು. ಅದರ ಮುಂದೆ ಕೌದಿ. ರಾಕ್‌ವುಲ್ ಕತ್ತರಿಸುವಾಗ ತುಂಬು ತೋಳಿನ ಅಂಗಿ, ಕೈಗವಸು, ಮಾಸ್ಕ್ ಬೇಕೇ ಬೇಕು. ನಮ್ಮ ಹುಡುಗ ಬೇಡ ಅಂದವನು ಎರಡು ದಿನ ಕೈ ಕೆರೆದುಕೊಂಡ.

ಅತ್ತೆ ಒಂದೇ ಷರತ್ತು ಹಾಕಿದ್ದರು. "ನಮ್ಮವ್ವನ ಸೀರಿ ಅದ ಅದ್ರಾಗ. ಮೊಳಿ ಹೊಡೀಬ್ಯಾಡ ಮತ್ತ." ಹಾಗಾಗಿ ಮೇಲಿನ ಅಂಚಿಗೆ ಲಾಡಿ ಹೊಲಿದು, ಬಿದಿರಿನ ಕೋಲು ತೂರಿಸಿ, ಎರಡು ಕೊಕ್ಕೆಗೆ ನೇತುಹಾಕಿದೆವು.

ಐದರಲ್ಲಿ ಮೂರು ಹಾಸು ಗೋಡೆಗಳ ಮೇಲೆ, ಕೂತವರ ಬಾಯಿ ಕಿವಿಯ ಎತ್ತರದಲ್ಲಿ. ಎರಡು ಸ್ಲ್ಯಾಬಿನ ಕೆಳಗೆ, ಫ್ಯಾನುಗಳಿಂದ ದೂರ. ಎಲ್ಲವನ್ನೂ ಒಂದೇ ಗೋಡೆಗೆ ಹಾಕಬೇಡಿ. ಎದುರುಬದುರು ಎರಡು ಬೋಳು ಗೋಡೆ ಉಳಿದರೆ ಟರ್ರ್ ಅನ್ನುವುದು ನಿಲ್ಲುವುದಿಲ್ಲ, ಒಂದಕ್ಕಾದರೂ ಹಾಸು ಬೀಳಬೇಕು. ಹಿಂದಿನ ಗೋಡೆಗೆ ನಮ್ಮ ಹಳೇ ಖಾತೆ ಕಿರ್ದಿಗಳ ಬಸ್ತಾಗಳನ್ನು ತೆರೆದ ರ‍್ಯಾಕಿನಲ್ಲಿ ಏರುಪೇರಾಗಿ ಜೋಡಿಸಿದೆ. ಅದೂ ಸದ್ದನ್ನು ಚೆದುರಿಸುತ್ತದೆ. ಸ್ವಿಚ್‌ಬೋರ್ಡ್ ಹತ್ತಿರ, ದೇವರ ದೀಪದ ಹತ್ತಿರ ಬಟ್ಟೆ ಹಾಕಲೇಬೇಡಿ.

ಗದ್ದಲ ಅರ್ಧಕ್ಕೆ ಇಳಿಯಿತಾ? ಇಲ್ಲ. ಲೆಕ್ಕದ ಪ್ರಕಾರ ಕೋಣೆಯ ಸದ್ದು ಇಳಿಯುವುದು ಸುಮಾರು 4 ಡೆಸಿಬಲ್, ಕಿವಿಗೆ ಅರ್ಧ ಅನ್ನಿಸಬೇಕಾದರೆ 10 ಇಳಿಯಬೇಕು. ಆದರೆ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಹದಿಮೂರು ಹದಿಮೂರೇ ಆಯಿತು.

ಶಾಂತವಾದ ಮೇಲಿನ ತಲೆನೋವು

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹಾಲ್ ತಣ್ಣಗಾದ ಮೇಲೆ ಒಂದು ಟೇಬಲಿನ ಮಾತು ಬೆಂಚಿನ ಮೇಲೆ ಕೂತವರಿಗೆ ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು! ಯಾವ ಗುಟ್ಟು ಕಾಯಲು ಹೊರಟೆನೋ ಅದೇ ಬಯಲಾಗುವ ಸ್ಥಿತಿ. ಮೊದಲು ಗದ್ದಲವೇ ಪರದೆಯಾಗಿತ್ತು. ಈಗ ಪರದೆ ಹೋಗಿತ್ತು.

ಅದಕ್ಕೆ ಬೆಂಚನ್ನು ಬಾಗಿಲ ಪಕ್ಕಕ್ಕೆ ಸರಿಸಿದೆ. ಬೆಂಚಿನ ಹತ್ತಿರ ಒಂದು ಟೇಬಲ್ ಫ್ಯಾನ್ ಇಟ್ಟೆ. ಅದು ಒಂದೇ ಸಮನೆ ಸುಯ್ ಅನ್ನುತ್ತಿರಲಿ. ಕೂತವರಿಗೆ ಗಾಳಿಯೂ ಆಯಿತು, ಅವರ ಕಿವಿಗೆ ತೆಳು ಪರದೆಯೂ ಆಯಿತು. ಫೋನಿನವರು ಈಗ ಬೆಂಚಿಗೆ ಬೆನ್ನು ಮಾಡಿ, ಮುಖ ಕೌದಿಯ ಕಡೆ ಇಟ್ಟು ಕೂರುತ್ತಾರೆ. ಬಾಯಿಂದ ಹೊರಟ ಮಾತಿನ ಬಹುಪಾಲು ನೇರ ಕೌದಿಗೇ ಹೋಗುತ್ತದೆ. ಹಣದ ಮೊತ್ತವನ್ನು ಬಾಯಲ್ಲಿ ಹೇಳದೆ ವಾಟ್ಸಾಪ್ ಮಾಡುವುದು ಅಂತ ನಿಯಮ ಮಾಡಿದ್ದೇನೆ. ಇದಕ್ಕೆ ಖರ್ಚಿಲ್ಲ.

ಆ ಕಡೆಯವರ ಕಿವಿಗೆ

ಇಷ್ಟೆಲ್ಲ ಮಾಡಲು ಆಗದಿದ್ದರೆ ಇದೊಂದನ್ನಾದರೂ ಮಾಡಿ: ವೈರಿನ ಹೆಡ್‌ಸೆಟ್ ತೆಗೆದುಕೊಳ್ಳಿ. ಬಾಯಿಗೂ ಮೈಕಿಗೂ ದೂರ ಅರ್ಧ ಆದಷ್ಟು ಸಲ ನಿಮ್ಮ ದನಿ 6 ಡೆಸಿಬಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಎರಡು ಅಡಿ ದೂರದ ಲ್ಯಾಪ್‌ಟಾಪ್ ಮೈಕಿನಿಂದ ಎರಡು ಇಂಚಿನ ಹೆಡ್‌ಸೆಟ್ ಮೈಕಿಗೆ ಬಂದರೆ 20 ಡೆಸಿಬಲ್‌ಗೂ ಮೇಲೆ ಲಾಭ. ಕೌದಿ ಕೊಟ್ಟಿದ್ದು ನಾಲ್ಕು! ಮೈಕನ್ನು ಬಾಯಿ ಎದುರು ಇಡದೆ ಕೆನ್ನೆಯ ಬದಿಗೆ, ಎರಡು ಬೆರಳು ದೂರ ಇಡಿ. ಎದುರಿಟ್ಟರೆ 'ಪ', 'ಭ' ಅಂದಾಗಲೆಲ್ಲ ಉಸಿರು ಬಡಿಯುತ್ತದೆ. ಸ್ಪೀಕರ್ ಫೋನ್ ನಮ್ಮಲ್ಲಿ ಬಂದ್. ಒಂದೇ ಕೋಣೆಯಲ್ಲಿ ಇಬ್ಬರು ಒಂದೇ ಮೀಟಿಂಗಿಗೆ ಸೇರಿದರೆ ಒಬ್ಬರ ಸ್ಪೀಕರೂ ಮೈಕೂ ಎರಡೂ ಬಂದ್ ಇರಲಿ, ಇಲ್ಲದಿದ್ದರೆ ಕುಂಯ್ ಅಂತ ಕೂಗುತ್ತದೆ.

ಮೊದಲು ಬಾವಿ ಅಂದಿದ್ದ ಅಡತ್ ವ್ಯಾಪಾರಿ ಹೋದ ತಿಂಗಳು ಫೋನ್ ಮಾಡಿ, "ಆಫೀಸ್ ರಜಾ ಏನ್ರಿ? ಗದ್ಲೇ ಇಲ್ಲ" ಅಂದರು.

ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರರ ಜಾತ್ರೆಯ ದಿನಗಳಲ್ಲಿ ಡೊಳ್ಳು, ಮೈಕು ಶುರುವಾದರೆ ನನ್ನ ಎರಡು ಗಾಜೂ ಸೋಲುತ್ತವೆ. ಆಗ ಬೆಳಿಗ್ಗೆ ಏಳಕ್ಕೇ ಬಂದು ಫೋನಿನ ಕೆಲಸ ಮುಗಿಸಿಬಿಡುತ್ತೇವೆ.

ಕೌದಿಗೆ ಗಂಜಿನ ಧೂಳು ಬೇಗ ಹಿಡಿಯುತ್ತದೆ. ಧೂಳು ತುಂಬಿದರೆ ಸದ್ದು ಹೀರುವುದೂ ಕಡಿಮೆ, ಸೀನು ಬೇರೆ. ವಾರಕ್ಕೊಮ್ಮೆ ಕೋಲಿನಿಂದ ಕೊಡವಿ, ಯುಗಾದಿಗೆ, ದಸರೆಗೆ ಇಳಿಸಿ ಒಗೆಯಿರಿ. ನಮ್ಮ ಬಿಸಿಲಿಗೆ ಅರ್ಧ ದಿನದಲ್ಲಿ ಒಣಗುತ್ತವೆ. ಆ ಅರ್ಧ ದಿನ ಆಫೀಸು ಮತ್ತೆ ಬಾವಿ. ಹಾಗಾಗಿ ಒಗೆಯುವ ದಿನವನ್ನು ರಿಟರ್ನ್ ತುಂಬುವ 11, 20ನೇ ತಾರೀಖಿನ ಹತ್ತಿರ ಇಟ್ಟುಕೊಳ್ಳಬೇಡಿ.